ಯಾವ ತಪ್ಪಿಗೆ ಸಿಟ್ಟಾಗಬೇಕು?

ಇಂಗ್ಲಿಷ್ ಬಲ್ಲವರ ಬಳಿ ಒಂದು ತಪ್ಪುಗಳ ಪಟ್ಟಿ ಸದಾ ಸಿದ್ಧವಾಗಿರುತ್ತದೆ. ‘ಕಸಿನ್ ಬ್ರದರ್’ ಅನ್ನಬಾರದು, ಬರೀ ‘ಕಸಿನ್’ ಸಾಕು. ‘ಪ್ರಿಪೋನ್’ ಎಂಬ ಪದವೇ ಇಲ್ಲ. ‘ಔಟ್ ಆಫ್ ಸ್ಟೇಷನ್’ ಎಂದರೆ ಹೊರಗಿನವರಿಗೆ ಅರ್ಥವಾಗದು. ‘ರಿಟರ್ನ್ ಬ್ಯಾಕ್’ನಲ್ಲಿ ಒಂದು ಪದ ಹೆಚ್ಚು. ‘ಪಾಸ್ ಔಟ್ ಆದೆ’ ಎಂದರೆ ಪದವಿ ಮುಗಿಸಿದೆ ಎಂದಲ್ಲ, ಮೂರ್ಛೆ ಹೋದೆ ಎಂದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹುಡುಗ ಹುಡುಗಿಯರು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದಾಗ ಮೊದಲು ಎದುರಾಗುವುದು ಈ ಪಟ್ಟಿ. ಅದನ್ನು ಬಾಯಿಪಾಠ ಮಾಡಿದವರು ಮುಂದೆ ತಮ್ಮದೇ ಊರಿನ ಕಿರಿಯರನ್ನು ಅದೇ ಪಟ್ಟಿ ಹಿಡಿದು ತಿದ್ದುತ್ತಾರೆ, ಕೆಲವೊಮ್ಮೆ ನಗುತ್ತಾರೆ.

ತಪ್ಪು ಪದ ಕಂಡರೆ ಸಿಟ್ಟು ಬರುವುದು ಕೆಟ್ಟ ಗುಣವೇನಲ್ಲ. ಮಾತಿನ ಬಗ್ಗೆ ಕಾಳಜಿ ಇರುವವರಿಗೇ ಆ ಸಿಟ್ಟು ಬರುತ್ತದೆ. ಆದರೆ ನಮ್ಮ ಸಿಟ್ಟು ತಪ್ಪು ವಿಳಾಸಕ್ಕೆ ಹೋಗುತ್ತಿದೆ. ಯಾರಿಗೂ ನಷ್ಟ ಮಾಡದ ತಪ್ಪುಗಳನ್ನು ನಾವು ಹುಡುಕಿ ಹುಡುಕಿ ಹಿಡಿಯುತ್ತೇವೆ. ಜನರ ಹಣವನ್ನು, ನೆಲವನ್ನು, ಆರೋಗ್ಯವನ್ನು ತೆಗೆದುಕೊಂಡು ಹೋಗುವ ತಪ್ಪು ಪದಗಳನ್ನು ಮಾತ್ರ ದಿನವೂ ನಾವೇ ಆಡುತ್ತೇವೆ, ಗಮನಿಸುವುದೂ ಇಲ್ಲ.

ಮೊದಲು ನಿರಪರಾಧಿ ಪದಗಳ ವಿಚಾರ. ಮುಳಬಾಗಿಲಿನಿಂದ ನಂಗಲಿ ದಾಟಿದರೆ ಆಂಧ್ರ, ಮಾಲೂರಿನಿಂದ ತೆಂಕಣಕ್ಕೆ ಇಳಿದರೆ ಹೊಸೂರಿನ ಸೀಮೆ, ಶ್ರೀನಿವಾಸಪುರಕ್ಕೆ ಮದನಪಲ್ಲಿ ಪಕ್ಕದ ಊರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು, ಚಿನ್ನದ ಗಣಿಯ ಕಡೆಗೆ ಹೋದರೆ ತಮಿಳು. ಇಂಥ ನೆಲದಲ್ಲಿ ಬೆಳೆದವರಿಗೆ ಒಂದು ಭಾಷೆಯ ಪದ ಇನ್ನೊಂದು ಭಾಷೆಯ ಅಗತ್ಯಕ್ಕೆ ತಕ್ಕಂತೆ ಬಾಗುವುದು ಹೊಸ ಸಂಗತಿಯಲ್ಲ. ಇಂಗ್ಲಿಷ್ ಇಲ್ಲಿಗೆ ಬಂದಾಗಲೂ ಹಾಗೆಯೇ ಬಾಗಿತು.

‘ಕಸಿನ್ ಬ್ರದರ್’ ಅನ್ನೇ ನೋಡಿ. ಇಂಗ್ಲಿಷಿನ ‘ಕಸಿನ್’ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಸೋದರಮಾವ ಎಲ್ಲರ ಮಕ್ಕಳನ್ನೂ, ಗಂಡು ಹೆಣ್ಣೆಂಬ ಭೇದವಿಲ್ಲದೆ, ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತದೆ. ನಮ್ಮ ಮನೆಗಳಲ್ಲಿ ಅದು ಸಾಗದು. ಚಿಕ್ಕಪ್ಪನ ಮಗ ತಮ್ಮ ಅಥವಾ ಅಣ್ಣ. ಸೋದರಮಾವನ ಮಗ ಬಾವ ಅಥವಾ ಬಾಮೈದ, ಅವನೊಂದಿಗೆ ಮದುವೆಯ ಮಾತೂ ಆಡಬಹುದು. ಅಣ್ಣನಾಗುವವನನ್ನು ವರನಾಗಬಲ್ಲವನ ಜೊತೆ ಒಂದೇ ಪದದಲ್ಲಿ ಕಟ್ಟುವುದು ನಮಗೆ ಬರೀ ಅಸ್ಪಷ್ಟತೆಯಲ್ಲ, ಅನುಚಿತವೂ ಹೌದು. ‘ಕಸಿನ್ ಬ್ರದರ್’ ಎಂದವನು ಇಂಗ್ಲಿಷಿನಲ್ಲಿ ಇಲ್ಲದ ಒಂದು ಗೆರೆಯನ್ನು ಇಂಗ್ಲಿಷಿನ ಸಾಮಗ್ರಿಯಿಂದಲೇ ಎಳೆದಿದ್ದಾನೆ. ಅದನ್ನು ಅಜ್ಞಾನ ಎನ್ನಲಾಗದು. ಸಂಬಂಧವನ್ನು ಸರಿಯಾಗಿ ಹೇಳಬೇಕೆಂಬ ಎಚ್ಚರ ಅಲ್ಲಿದೆ.

‘ಔಟ್ ಆಫ್ ಸ್ಟೇಷನ್’ ಆಂಗ್ಲರ ಕಾಲದ ಅಧಿಕಾರಿಗಳ ಮಾತು. ಅವರು ವಾಸವಿದ್ದ ನೆಲೆಗೆ ಸ್ಟೇಷನ್ ಎನ್ನುತ್ತಿದ್ದರು. ದಂಡು ಹೋಯಿತು, ದೊರೆಗಳು ಹೋದರು, ಮಾತು ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಉಳಿಯಿತು. ಅದನ್ನು ಕಲಿಸಿದವರು ಮರೆತರು ಎಂಬ ಕಾರಣಕ್ಕೆ ಉಳಿಸಿಕೊಂಡವರು ತಪ್ಪಿತಸ್ಥರಾಗಬೇಕೆ? ‘ಪ್ರಿಪೋನ್’ ನಮ್ಮ ಗುಮಾಸ್ತರ ಸೃಷ್ಟಿ ಎಂದು ಹಲವರು ತಿಳಿದಿದ್ದಾರೆ. 1913ರಲ್ಲೇ ನ್ಯೂಯಾರ್ಕಿನ ಪತ್ರಿಕೆಗೆ ಬಂದ ಓದುಗರ ಪತ್ರವೊಂದರಲ್ಲಿ ಅದು ಇತ್ತು. ಮುಂದೂಡುವುದಕ್ಕೆ ಒಂದು ಪದವಿದ್ದರೆ ಹಿಂದಕ್ಕೆ ತರುವುದಕ್ಕೂ ಒಂದು ಇರಬೇಕೆಂಬುದು ಸಹಜವಾದ ಬಯಕೆ. ಇನ್ನು ‘ಕರೆಂಟು’. ಇಂಗ್ಲಿಷಿನಲ್ಲಿ ಅದು ಹರಿವು ಮಾತ್ರ, ವಿದ್ಯುತ್ತಿಗೆ ಬೇರೆ ಹೆಸರಿದೆ. ಆದರೆ ವಿದ್ಯುತ್ತು ಈ ಸೀಮೆಗೆ ಬೆಂಗಳೂರಿಗಿಂತ ಮೊದಲೇ ಬಂತು: 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿಯೆಳೆದು ವಿದ್ಯುತ್ತನ್ನು ತಂದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿ ದೀಪಗಳಿಗೆ ಅದು ಸಿಕ್ಕಿದ್ದು ಮೂರು ವರ್ಷದ ನಂತರ. ಇಂದು ‘ಕರೆಂಟು ಹೋಯ್ತು’ ಎಂದರೆ ಕೇಳಿದವರಿಗೆಲ್ಲ ಅರ್ಥವಾಗುತ್ತದೆ. ಆ ಪದ ಈಗ ಕನ್ನಡದ್ದೇ.

ಇಂಗ್ಲಿಷ್ ತಾನೂ ಹೀಗೆಯೇ ಬೆಳೆದದ್ದು. ಇಂದು ‘ನೈಸ್’ ಎಂದರೆ ಸೊಗಸು. ಕೆಲವು ಶತಮಾನಗಳ ಹಿಂದೆ ಅದರ ಅರ್ಥ ದಡ್ಡ ಎಂದು. ತಪ್ಪು ಬಳಕೆಯನ್ನು ಎಲ್ಲರೂ ಒಪ್ಪಿದ ದಿನ ಅದೇ ಸರಿಯಾದ ಬಳಕೆಯಾಗುತ್ತದೆ.

ಈ ಪಟ್ಟಿಯನ್ನು ಹಿಡಿದು ನಗುವುದರಿಂದ ಆಗುವ ಹಾನಿ ಚಿಕ್ಕದಲ್ಲ. ಬೆಂಗಳೂರಿನ ಕಾಲ್ ಸೆಂಟರ್ ತರಬೇತಿಗಳಲ್ಲಿ ‘ಎಂ.ಟಿ.ಐ.’ ಎಂಬ ಮಾತು ಚಾಲ್ತಿಯಲ್ಲಿದೆ. ತಾಯ್ನುಡಿಯ ಪ್ರಭಾವ ಎಂಬುದರ ಸಂಕ್ಷೇಪ ಅದು. ಅಭ್ಯರ್ಥಿಯ ದೋಷಗಳ ಕಾಲಮಿನಲ್ಲಿ ಅದನ್ನು ಬರೆಯುತ್ತಾರೆ. ‘ಇಸ್ಕೂಲು’ ಎಂದು ನುಡಿಯುವ ಹುಡುಗಿಗೆ ತನ್ನ ಅವ್ವನ ಮಾತೇ ಒಂದು ಕಾಯಿಲೆ ಎಂದು ಅಲ್ಲಿ ತಿಳಿಯುತ್ತದೆ. ಆಮೇಲೆ ಅವಳು ಸುಮ್ಮನಿರುವುದನ್ನು ಕಲಿಯುತ್ತಾಳೆ. ಅರ್ಥವಾಗದ್ದನ್ನು ಕೇಳಿದರೆ ನಗುತ್ತಾರೆ ಎಂಬ ಭಯ ಒಮ್ಮೆ ಕೂತರೆ ಮುಂದೆ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ನೋಂದಣಿ ಕಚೇರಿಯಲ್ಲಿ ಎಲ್ಲೆಡೆಯೂ ಅದು ಜೊತೆಗೆ ಬರುತ್ತದೆ.

ಹಾಗಾದರೆ ಸರಿಯಾದ ಇಂಗ್ಲಿಷ್ ಕಲಿಸುವುದೇ ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. ದೂರದೇಶದವರಿಗೆ ಬರೆಯುವ ಪತ್ರ, ಪರೀಕ್ಷೆಯ ಉತ್ತರ, ನ್ಯಾಯಾಲಯದ ಅರ್ಜಿ, ಇವಕ್ಕೆ ಒಂದು ಸಾಮಾನ್ಯ ಅಳತೆ ಇರಬೇಕು. ‘ಪಾಸ್ ಔಟ್’ ಎಂದರೆ ಅಮೆರಿಕದವರು ಬೇರೆ ತಿಳಿಯುತ್ತಾರೆ ಎಂದು ಮಕ್ಕಳಿಗೆ ಹೇಳಲೇಬೇಕು. ಎಲ್ಲಿ ಯಾರೊಡನೆ ಯಾವ ಮಾತು ಎಂಬ ವಿವೇಕ ಅದು. ನಾಲ್ಕು ಭಾಷೆಗಳ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಆ ವಿವೇಕವನ್ನು ಕಲಿಸುವುದು ಕಷ್ಟವಲ್ಲ. ನಾಚಿಕೆಯ ಮೂಲಕ ಕಲಿಸುವ ಅಗತ್ಯ ಮಾತ್ರ ಇಲ್ಲ.

ಇನ್ನು ನಿಜವಾಗಿ ಸಿಟ್ಟಾಗಬೇಕಾದ ಪದಗಳಿಗೆ ಬರುತ್ತೇನೆ.

ಮೊದಲನೆಯದು ‘ಡೊನೇಷನ್’. ಇಂಗ್ಲಿಷಿನಲ್ಲಿ ಅದು ಮನಸಾರೆ ಕೊಡುವ ದಾನ. ನಮ್ಮಲ್ಲಿ ಅದು ಮಗುವನ್ನು ಶಾಲೆಗೆ, ಕಾಲೇಜಿಗೆ ಸೇರಿಸಬೇಕಾದರೆ ಕೊಡಲೇಬೇಕಾದ ಹಣ. ಕೊಡದಿದ್ದರೆ ಸೀಟಿಲ್ಲ. ಎಷ್ಟೋ ಸಲ ರಸೀದಿಯೂ ಇಲ್ಲ. ಜೂನ್ ಬಂದರೆ ಪತ್ರಿಕೆಗಳು ‘ಡೊನೇಷನ್ ಹಾವಳಿ’ ಎಂದು ಬರೆಯುತ್ತವೆ. ದಾನಕ್ಕೆ ಹಾವಳಿ ಎಂಬ ಮಾತು ಕೂಡುವುದೆಂತು? ಹೀಗೆ ಬಲವಂತವಾಗಿ ಹಣ ಪಡೆಯುವುದನ್ನು ನಿಷೇಧಿಸಿ ಕರ್ನಾಟಕ 1984ರಲ್ಲೇ ಕಾಯ್ದೆ ಮಾಡಿತು. 1992ರಲ್ಲಿ ಕರ್ನಾಟಕಕ್ಕೇ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ ಇಂಥ ವಸೂಲಿ ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು ಹೇಳಿತು. ಕಾನೂನು ತಪ್ಪು ಎಂದದ್ದಕ್ಕೆ ಬೀದಿಯಲ್ಲಿ ಪುಣ್ಯದ ಹೆಸರು ಸಿಕ್ಕಿತು. ಟೊಮೆಟೊ ಮಾರಿದ ದುಡ್ಡನ್ನು ತಂದು ಕೊಟ್ಟ ತಂದೆ, ‘ಡೊನೇಷನ್ ಕಟ್ಟಿದೆ’ ಎನ್ನುತ್ತಾನೆ. ‘ನನ್ನಿಂದ ಕಾನೂನುಬಾಹಿರವಾಗಿ ಹಣ ಪಡೆದರು’ ಎಂದು ಅವನ ಬಾಯಲ್ಲಿ ಬರುವುದಿಲ್ಲ. ಆ ಮಾತು ಬಾಯಿಗೆ ಬಾರದ ಕಡೆ ದೂರೂ ಹುಟ್ಟುವುದಿಲ್ಲ.

ಎರಡನೆಯದು ‘ಅಗ್ರಿಮೆಂಟ್’. ಮಾಲೂರಿನ ಸುತ್ತ, ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳು ಬಂದಂತೆ ಹೊಲಗಳು ಸೈಟುಗಳಾದವು. ‘ಸೈಟು ತಗೊಂಡ್ವಿ, ಅಗ್ರಿಮೆಂಟ್ ಆಗಿದೆ’ ಎನ್ನುವವರು ಬಹಳ. ಆಸ್ತಿ ವರ್ಗಾವಣೆ ಕಾಯ್ದೆ 1882ರದು. ಮಾರಾಟದ ಕರಾರು ಆ ಆಸ್ತಿಯ ಮೇಲೆ ತಾನಾಗಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ ಎಂದು ಅದರ 54ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಕರಾರು, ಜಿ.ಪಿ.ಎ. ಎಂಬ ಅಧಿಕಾರಪತ್ರ, ಉಯಿಲು ಇವುಗಳಿಂದ ಒಡೆತನ ಬದಲಾಗುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಎಂದು 2011ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಡಿಸಿ ಹೇಳಿತು. ‘ರೆವಿನ್ಯೂ ಸೈಟು’ ಎಂಬುದೂ ಇದೇ ಜಾತಿಯ ಮಾತು. ಕಂದಾಯ ಇಲಾಖೆ ಒಪ್ಪಿದ ಸೈಟು ಎಂಬ ಭರವಸೆಯನ್ನು ಅದು ಕೊಡುತ್ತದೆ. ನಿಜದಲ್ಲಿ ಅದು ಭೂ ಪರಿವರ್ತನೆಯಾಗದ ಹೊಲದ ತುಂಡು. ನಮ್ಮ ಹಿರಿಯರಿಗೆ ಈ ಗೊಂದಲ ಇರಲಿಲ್ಲ. ಅವರಿಗೆ ಕರಾರು ಬೇರೆ, ಕ್ರಯ ಬೇರೆ. ‘ಶುದ್ಧ ಕ್ರಯ ಆಯ್ತೇನಪ್ಪಾ?’ ಎಂದು ಕೇಳುತ್ತಿದ್ದರು. ಆ ಒಂದು ಪ್ರಶ್ನೆ ಮರೆತುಹೋದ ಜಾಗದಲ್ಲಿ ‘ಅಗ್ರಿಮೆಂಟ್’ ಬಂದು ಕೂತಿದೆ.

ಮೂರನೆಯದು ‘ಟ್ರೇನಿ’. ಹೆಸರು ಕೇಳಿದರೆ ಕಲಿಯುತ್ತಿರುವವನು. ಕಾರ್ಖಾನೆಯ ಸಾಲಿನಲ್ಲಿ ನಿಂತು ಪಾಳಿಯ ಕೆಲಸವನ್ನೆಲ್ಲ ಮಾಡಿ, ಹೊಸಬರಿಗೆ ತಾನೇ ಕೆಲಸ ಹೇಳಿಕೊಡುವವನಿಗೂ ಅದೇ ಹೆಸರು. ಇದು ಬರೀ ಗೌರವದ ಪ್ರಶ್ನೆಯಲ್ಲ. ಅಪ್ರೆಂಟಿಸ್ ಆಗಿ ನೋಂದಾಯಿತನಾದವನು ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ ಎಂದು 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಕಲಂ ಹೇಳುತ್ತದೆ. ನಿಜವಾಗಿ ಕಲಿಯುವವರಿಗಾಗಿ ಮಾಡಿದ ಆ ವ್ಯವಸ್ಥೆಗೆ ಅರ್ಥವಿದೆ. ಆದರೆ ಆ ಕಾಯ್ದೆಯಡಿ ಹೆಸರೇ ಇಲ್ಲದವನನ್ನು ‘ಟ್ರೇನಿ’ ಎಂದು ಕರೆದಾಗ, ತನಗೆ ಸಂಬಳ, ಭವಿಷ್ಯ ನಿಧಿ, ಓವರ್‌ಟೈಮು ಕೇಳುವ ಹಕ್ಕೇ ಇಲ್ಲವೆಂದು ಅವನು ನಂಬುತ್ತಾನೆ. ನರಸಾಪುರದ ಮೊಬೈಲ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ನಡೆದ ಗಲಭೆಯನ್ನು ಜಗತ್ತೆಲ್ಲ ನೋಡಿತು. ಅಲ್ಲಿ ಬಹುಪಾಲು ಜನ ಗುತ್ತಿಗೆ ಸಂಸ್ಥೆಗಳ ಮೂಲಕ ಬಂದವರು. ಹೇಳಿದ ಸಂಬಳ ಒಂದು, ಕೈಗೆ ಬಂದದ್ದು ಇನ್ನೊಂದು ಎಂಬುದು ಅವರ ದೂರು. ಒಡೆದು ಹಾಕಿದ್ದನ್ನು ಯಾರೂ ಸಮರ್ಥಿಸಲಾರರು. ಆದರೆ ತಾನು ಯಾರ ಕೆಲಸಗಾರ, ತನಗೆ ಬರಬೇಕಾದ್ದೇನು ಎಂಬುದು ಸೇರಿದ ದಿನವೇ ತಿಳಿಯುವ ಮಾತಿನಲ್ಲಿ ತಿಳಿದಿರಬೇಕು ಎಂಬ ಪಾಠವನ್ನು ಆ ದಿನದಿಂದ ಕಲಿಯಬಹುದು.

ನಾಲ್ಕನೆಯದು ನೀರಿನ ಪದಗಳು. ಸದಾ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ ನೀರಿನ ಮಾತಿಗಿಂತ ದೊಡ್ಡ ಮಾತಿಲ್ಲ. 2018ರ ಜೂನಿನಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಗೊಂಡು ಲಕ್ಷ್ಮೀಸಾಗರದ ಕೆರೆಗೆ ಬಂತು. ದಿನಕ್ಕೆ 44 ಕೋಟಿ ಲೀಟರ್ ಹರಿಸಿ 126 ಕೆರೆ ತುಂಬಿಸುವುದು ಯೋಜನೆ. ಅಂತರ್ಜಲ ಏರಿಸಲಿಕ್ಕೆ ಮಾತ್ರ ಈ ನೀರು, ಕುಡಿಯಲಿಕ್ಕಲ್ಲ ಎಂದು ಕಾಗದದಲ್ಲಿ ಇತ್ತು. ಅದಾದ ಮುಂದಿನ ತಿಂಗಳೇ ಆ ಕೆರೆಯಲ್ಲಿ ನೊರೆ ಎದ್ದು, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೊಳಚೆ ನೀರಿನ ಸಂಸ್ಕರಣೆಗೆ ಮೂರು ಹಂತಗಳಿವೆ. ಇಲ್ಲಿಗೆ ಬಂದದ್ದು ಎರಡನೆಯ ಹಂತ ಮುಗಿಸಿದ ನೀರು. ಇಂಗ್ಲಿಷಿನ ‘ಟ್ರೀಟೆಡ್’ ಎಂಬ ಪದ ಯಾವ ಹಂತದವರೆಗೆ ಎಂದು ಹೇಳುವುದಿಲ್ಲ. ಊರಿಗೆ ಬರುವಷ್ಟರಲ್ಲಿ ಅದು ‘ಶುದ್ಧೀಕರಿಸಿದ ನೀರು’ ಆಗಿಬಿಟ್ಟಿತು. ಬತ್ತಿದ್ದ ಬೋರುಗಳಲ್ಲಿ ನೀರು ಕಂಡ ರೈತರ ಸಂತೋಷ ನಿಜ, ಅದನ್ನು ಯಾರೂ ಕಡಿಮೆ ಮಾಡಿ ನೋಡಬಾರದು. ಹಾಗೆಯೇ ಆ ನೀರನ್ನು ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಕೂಡದು ಎಂದು ತಿಳಿಯುವ ಹಕ್ಕೂ ಅವರದೇ. ‘ಎರಡನೆಯ ಹಂತದವರೆಗೆ ಸಂಸ್ಕರಿಸಿದ್ದು, ಕುಡಿಯಲು ಅಲ್ಲ’ ಎಂಬ ಐದು ಪದ ಕೆರೆಯ ಏರಿಯ ಮೇಲೆ ಬರೆದಿದ್ದರೆ ಸಾಕಿತ್ತು.

‘ಫಿಲ್ಟರ್ ನೀರು’ ಕೂಡ ಇಂಥದ್ದೇ. ಕೋಲಾರದ ಆಳದ ಬೋರುಗಳ ನೀರಿನಲ್ಲಿ ಫ್ಲೋರೈಡ್ ಇದೆ. ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಮೀರಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ಹೆಚ್ಚಾದರೆ ಮೂಳೆ, ಕೀಲು ಬಿಗಿಯುತ್ತವೆ. ಹಳ್ಳಿಯ ಘಟಕಗಳಲ್ಲಿರುವ ಆರ್.ಓ. ಯಂತ್ರ, ಅದರ ಪೊರೆಯನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದರೆ, ಫ್ಲೋರೈಡನ್ನು ತೆಗೆಯುತ್ತದೆ. ಮನೆಯ ಕ್ಯಾಂಡಲ್ ಫಿಲ್ಟರ್ ತೆಗೆಯುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟು ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಆದರೂ ಆರ್.ಓ. ಯಂತ್ರಕ್ಕೂ ಕ್ಯಾಂಡಲ್ ಫಿಲ್ಟರಿಗೂ ನಾವು ಒಂದೇ ಪದ ಬಳಸುತ್ತೇವೆ. ‘ನಮ್ಮನೇಲಿ ಫಿಲ್ಟರ್ ಇದೆ’ ಎಂದು ನೆಮ್ಮದಿಯಾಗಿರುವ ಮನೆಯ ಮಗು ಅದೇ ಫ್ಲೋರೈಡ್ ನೀರನ್ನು ಕುಡಿಯುತ್ತಿರಬಹುದು.

ಐದನೆಯದು ಹೊಲದ ಪದ. ಟೊಮೆಟೊ ಗಿಡಕ್ಕೆ ಹೊಡೆಯುವ ಕೀಟನಾಶಕಕ್ಕೆ ಅಂಗಡಿಯಲ್ಲಿ ‘ಮೆಡಿಸಿನ್’, ‘ಟಾನಿಕ್’ ಎಂಬ ಹೆಸರು. ಡಬ್ಬಿಯ ಮೇಲೆ ಮಾತ್ರ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅತ್ಯಂತ ವಿಷಕಾರಿ, ಹಳದಿ ಹೆಚ್ಚು ವಿಷಕಾರಿ, ನೀಲಿ ಅದಕ್ಕಿಂತ ಕಡಿಮೆ, ಹಸಿರು ಇನ್ನೂ ಕಡಿಮೆ. 1968ರ ಕೀಟನಾಶಕ ಕಾಯ್ದೆಯಡಿ ಬಂದ ನಿಯಮ ಅದು. ಕೈಗವಸು, ಮುಖಕ್ಕೆ ಬಟ್ಟೆ ಇಲ್ಲದೆ ‘ಟಾನಿಕ್ ಹೊಡೆಯಲು’ ಹೋಗುವವನಿಗೆ ಆ ಹೆಸರಿನಲ್ಲಿ ಭಯಪಡಲು ಏನೂ ಇಲ್ಲ. ನಮ್ಮ ಹಳೆಯ ‘ಮದ್ದು’ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಕಾಯಿಲೆ ವಾಸಿ ಮಾಡುವುದೂ ಮದ್ದು, ತುಪಾಕಿಯೊಳಗೆ ತುಂಬುವುದೂ ಮದ್ದು, ‘ಮದ್ದು ಹಾಕಿದರು’ ಎಂದರೆ ವಿಷವಿಟ್ಟರು. ಆ ಪದ ತನ್ನ ಜೊತೆಗೇ ಎಚ್ಚರಿಕೆಯನ್ನು ಹೊತ್ತು ತಿರುಗುತ್ತದೆ. ‘ಟಾನಿಕ್’ ಆ ಎಚ್ಚರಿಕೆಯನ್ನು ಕಳಚಿಟ್ಟಿದೆ.

ಪದಗಳ ಅರ್ಥ ಬದಲಾಗುವುದು ಸಹಜವೆಂದು ಆಗಲೇ ಒಪ್ಪಿದ್ದಾಯಿತು, ‘ಡೊನೇಷನ್’ ಬದಲಾದರೆ ತಕರಾರೇಕೆ ಎಂದು ಕೇಳಬಹುದು. ವ್ಯತ್ಯಾಸ ಇಲ್ಲಿದೆ. ‘ಕಸಿನ್ ಬ್ರದರ್’ ಎಂದಾಗ ಹೇಳಿದವನಿಗೂ ಕೇಳಿದವನಿಗೂ ಅರ್ಥ ಒಂದೇ. ‘ಅಗ್ರಿಮೆಂಟ್’ ಎಂದಾಗ ಒಬ್ಬನ ಮನಸ್ಸಿನಲ್ಲಿ ಒಡೆತನ, ಇನ್ನೊಬ್ಬನ ಮನಸ್ಸಿನಲ್ಲಿ ಬರೀ ಕಾಗದ. ಆ ಅಂತರದಿಂದ ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ನಷ್ಟ. ಎಲ್ಲ ಕಡೆಯೂ ಬೇಕೆಂದೇ ಮಾಡಿದ ಮೋಸ ಎಂದು ನಾನು ಹೇಳುತ್ತಿಲ್ಲ. ಕೀಟನಾಶಕದ ಅಂಗಡಿಯವನು ರೂಢಿಯಂತೆ ‘ಟಾನಿಕ್’ ಎಂದಿರಬಹುದು. ಎಂಜಿನಿಯರ್ ಕಡತದಲ್ಲಿ ಹಂತವನ್ನು ಸರಿಯಾಗಿಯೇ ಬರೆದಿರಬಹುದು. ಆದರೂ ನಷ್ಟ ಯಾವ ಕಡೆ ಬೀಳುತ್ತದೆ ಎಂಬುದನ್ನು ನೋಡಿದರೆ ಪದದ ನಿಜವಾದ ಗುಣ ತಿಳಿಯುತ್ತದೆ. ಹಳ್ಳಿಗಳ ಮೇಲೆ ಬಾಂಬು ಹಾಕುವುದನ್ನು ಶಾಂತಿ ಸ್ಥಾಪನೆ ಎಂದು ಕರೆಯುವ ಭಾಷೆಯ ಬಗ್ಗೆ ಜಾರ್ಜ್ ಆರ್ವೆಲ್ 1946ರ ಪ್ರಬಂಧದಲ್ಲಿ ಎಚ್ಚರಿಸಿದ್ದ. ಅವನು ಕಂಡದ್ದು ಸರ್ಕಾರಗಳ ಭಾಷೆಯನ್ನು. ಅದೇ ಕೆಲಸ ಶಾಲೆಯ ಕೌಂಟರಿನಲ್ಲೂ ಸೈಟಿನ ಬ್ರೋಕರನ ಮಾತಿನಲ್ಲೂ ನಡೆಯುತ್ತದೆ.

ಇದಕ್ಕೆ ಪರಿಹಾರ ಇಂಗ್ಲಿಷ್ ಪದಗಳನ್ನೆಲ್ಲ ಹೊರಹಾಕುವುದಲ್ಲ. ‘ಬೋರು’, ‘ಕರೆಂಟು’, ‘ಬಸ್ಸು’ ನಮ್ಮವೇ. ಮರೆಮಾಚುವ ಕೆಲಸ ಸಂಸ್ಕೃತದ ಪದದಿಂದಲೂ ಆಗುತ್ತದೆ, ‘ಶುದ್ಧೀಕರಿಸಿದ’ ಎಂಬುದು ಮಾಡಿದ್ದು ಅದನ್ನೇ. ಪದ ಯಾವ ಭಾಷೆಯದು ಎಂಬುದಕ್ಕಿಂತ, ಅದು ಹೇಳುತ್ತಿದೆಯೇ ಅಡಗಿಸುತ್ತಿದೆಯೇ ಎಂಬುದು ಮುಖ್ಯ.

ಈ ಸೀಮೆಗೆ ಇದನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ಮೆಟ್ರಿಕ್ಯುಲೇಷನ್ ದಾಟದವರು. 1913ರಲ್ಲಿ ‘ಕರ್ಣಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನೇ ನಡೆಸಿದರು, ಸಾರ್ವಜನಿಕ ವಿಷಯಗಳನ್ನು ಜನರ ಮುಂದೆ ಬಿಡಿಸಿಡುವುದನ್ನು ಬದುಕಿನ ಕೆಲಸ ಮಾಡಿಕೊಂಡರು. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು, ಎಂ.ಎ. ಮಾಡಿದ್ದು ಇಂಗ್ಲಿಷಿನಲ್ಲಿ, ಅದರಲ್ಲಿ ಚಿನ್ನದ ಪದಕ ಪಡೆದವರು. ಬರೆದದ್ದು ಓದು ಬಾರದವರಿಗೆ ಓದಿ ಹೇಳಿದರೂ ಅರ್ಥವಾಗುವ ಕನ್ನಡ. ಈ ಸೀಮೆಯ ಆಚೆಯೂ ಇಂಥವರಿದ್ದರು. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಸಾಮಾನ್ಯ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದರು. ಪದದ ಅರ್ಥ ಕೇಳಿದ್ದಕ್ಕೆ ಯಾರನ್ನೂ ಹೀಯಾಳಿಸದೆ, ಗೌರವದಿಂದ ವಿವರಿಸಿದರು. ಭಾಷೆಯ ಮೇಲಿನ ಪ್ರೀತಿ ಎಂದರೆ ನನಗೆ ಅದೇ.

ಆದ್ದರಿಂದ ನಮ್ಮ ಇಂಗ್ಲಿಷ್ ಮೇಷ್ಟರುಗಳಲ್ಲಿ ನನ್ನದೊಂದು ಕೋರಿಕೆ. ‘ಕಸಿನ್ ಬ್ರದರ್’ಗೆ ಮೀಸಲಿಟ್ಟ ಪೀರಿಯಡ್ಡಿನ ಅರ್ಧವನ್ನು ‘ಅಗ್ರಿಮೆಂಟ್’ಗೂ ಕ್ರಯಪತ್ರಕ್ಕೂ, ‘ಟ್ರೇನಿ’ಗೂ ನೌಕರನಿಗೂ, ಫಿಲ್ಟರಿಗೂ ಆರ್.ಓ.ಗೂ ಇರುವ ವ್ಯತ್ಯಾಸ ಹೇಳಲು ಕೊಡಿ. ಮಕ್ಕಳು ಅದನ್ನು ಮನೆಗೆ ಒಯ್ಯುತ್ತಾರೆ. ನೋಂದಣಿ ಕಚೇರಿಯ ಗೋಡೆಯ ಮೇಲೆ ಕರಾರು ಯಾವುದು, ಕ್ರಯ ಯಾವುದು ಎಂದು ಕನ್ನಡದಲ್ಲೂ ತೆಲುಗಿನಲ್ಲೂ ನಾಲ್ಕು ಸಾಲು ಇರಲಿ. ಗ್ರಾಮಸಭೆಯಲ್ಲಿ ಅಧಿಕಾರಿ ಒಂದು ಇಂಗ್ಲಿಷ್ ಪದ ಆಡಿದಾಗ ‘ಹಂಗಂದ್ರೆ ಏನು ಸಾರ್?’ ಎಂದು ಕೇಳಿದವರಿಗೆ ಉತ್ತರ ಸಿಗಲಿ, ನಗು ಸಿಗದಿರಲಿ. ತಪ್ಪಾಗಿ ಮಾತಾಡುವವರ ಬಾಯಿಯನ್ನು ನಾವು ಮುಚ್ಚಿಸಿದರೆ, ಆ ಪ್ರಶ್ನೆಯನ್ನು ಕೇಳುವವರೂ ಉಳಿಯುವುದಿಲ್ಲ. ಅವರು ಕೇಳುತ್ತಲೇ ಇರಬೇಕಾದರೆ ಅವರ ಇಂಗ್ಲಿಷನ್ನು ನೋಡಿ ನಗುವುದನ್ನು ಮೊದಲು ನಾವು ನಿಲ್ಲಿಸಬೇಕು.